ನುಡಿಸಿದವರಿಗೂ ಒಂದು ಹೆಸರಿದೆ

'ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಅಲಬಾಮಾದ ಸ್ಟುಡಿಯೋ ವಾದ್ಯಗಾರರ ಬಗ್ಗೆ ಎರಡು ಪುಟ ಬರೆದಿದ್ದೀರಿ. ಹಾಡಿದವರು ಅರೀಥಾ ಫ್ರಾಂಕ್ಲಿನ್. ದುಡ್ಡು ತಗೊಂಡು ನುಡಿಸಿ ಹೋದವರಿಗೆ ಇಷ್ಟೊಂದು ಜಾಗ ಯಾಕೆ?'
– ಶಿರಸಿಯ ಓದುಗರೊಬ್ಬರು

ಅರೀಥಾ ಅವರದು ಅಪರೂಪದ ಕಂಠ, ಒಪ್ಪಿದೆ. ಆದರೆ ಅದೇ ಕಂಠ ಈ ವಾದ್ಯಗಾರರ ಜತೆ ಸೇರುವ ಮುಂಚೆ ಐದಾರು ವರ್ಷ ದೊಡ್ಡ ಕಂಪನಿಯೊಂದಕ್ಕೆ ಹಾಡಿತ್ತಲ್ಲ ಸ್ವಾಮಿ. ಆಗ ಯಾಕೆ ಈ ಪಾಟಿ ಹೆಸರು ಬರಲಿಲ್ಲ?

1967ರ ಜನವರಿ. ಅಲಬಾಮಾದಲ್ಲಿ, ಟೆನೆಸ್ಸೀ ನದಿ ದಂಡೆಯ ಸಣ್ಣ ಊರು ಮಸಲ್ ಶೋಲ್ಸ್. ರಿಕ್ ಹಾಲ್ ಅವರ ಫೇಮ್ ಸ್ಟುಡಿಯೋದಲ್ಲಿ ಅರೀಥಾ ಪಿಯಾನೋ ಮುಂದೆ ಕೂತಿದ್ದಾರೆ. ಹಾಡು ಇದೆ, ಎಲ್ಲಿಂದ ಎತ್ತಿಕೊಳ್ಳಬೇಕು ಅಂತ ಯಾರಿಗೂ ಹೊಳೆಯುತ್ತಿಲ್ಲ. ಆಗ ಸ್ಪೂನರ್ ಓಲ್ಡ್‌ಹ್ಯಾಮ್ ಎಂಬ ಹುಡುಗ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋದಲ್ಲಿ ನಾಲ್ಕಾರು ಸ್ವರ ಒತ್ತಿದ. ನಡೆದು, ನಿಂತು, ಮತ್ತೆ ನಡೆಯುವಂಥ ಲಯ. ರೋಜರ್ ಹಾಕಿನ್ಸ್ ಡ್ರಮ್ಸ್‌ನಲ್ಲಿ ಅದನ್ನು ಹಿಡಿದ. ಹಾಡು ಎದ್ದು ಕೂತಿತು! ಅರೀಥಾಗೆ ಮೊದಲ ದೊಡ್ಡ ಯಶಸ್ಸು ತಂದದ್ದು ಅದೇ ಹಾಡು.

ಆ ರಾತ್ರಿ ಏನೋ ಜಗಳವಾಗಿ ಉಳಿದ ಕೆಲಸವನ್ನು ನ್ಯೂಯಾರ್ಕ್‌ನಲ್ಲಿ ಮುಗಿಸಬೇಕಾಯಿತು. ಅಲ್ಲಿ ವಾದ್ಯಗಾರರಿಗೇನು ಬರವೇ? ಆದರೂ ಈ ಹುಡುಗರನ್ನೇ ಕರೆಸಿಕೊಂಡರು. ಅರೀಥಾ ಅವರ ಪ್ರಸಿದ್ಧ ಹಾಡು 'ರೆಸ್ಪೆಕ್ಟ್' ರೆಕಾರ್ಡ್ ಆದದ್ದು ಹಾಗೆ. ಮುಂದೆ 1969ರಲ್ಲಿ ಫೇಮ್‌ನ ನಾಲ್ವರು ವಾದ್ಯಗಾರರು ಪಕ್ಕದ ಶೆಫೀಲ್ಡ್‌ನಲ್ಲಿ ಸ್ವಂತ ಸ್ಟುಡಿಯೋ ಮಾಡಿದರು. ಆ ಡಿಸೆಂಬರ್‌ನಲ್ಲೇ ಇಂಗ್ಲೆಂಡಿನ ಹೆಸರಾಂತ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನವರು ಅಲ್ಲಿಗೆ ಬಂದು ಮೂರು ಹಾಡು ರೆಕಾರ್ಡ್ ಮಾಡಿಕೊಂಡು ಹೋದರು. ಸುಮ್ನೆ ಬರ್ತಾರಾ?

ದುಡ್ಡು ಗಾಯಕರೂ ತಗೊಳ್ಳುತ್ತಾರೆ, ಅಲ್ವಾ? ಇಷ್ಟು ಗಮನವಿಟ್ಟು ಓದುವ ನೀವೇ ಹೀಗಂದರೆ ಬೇಸರವಾಗುತ್ತದೆ.

ನನ್ನ ಹತ್ತಿರ ಎಪ್ಪತ್ತರ ದಶಕದ ಒಂದು ಕನ್ನಡ ರೆಕಾರ್ಡ್ ಇದೆ. ಪಲ್ಲವಿಗೆ ಮುಂಚೆ ಒಂದು ಕೊಳಲು ಬರುತ್ತದೆ. ಅದು ಶುರುವಾದರೆ ಸಾಕು, ಅಡುಗೆಮನೆಯಿಂದಲೇ ಯಾವ ಹಾಡು ಅಂತ ಹೇಳುತ್ತಾರೆ. ಕವರ್ ಮೇಲೆ ಹಾಡಿದವರು, ಬರೆದವರು, ಸಂಗೀತ ಕೊಟ್ಟವರು, ಕೊನೆಗೆ ನಾಯಕ ನಾಯಕಿ ಕೂಡ ಇದ್ದಾರೆ. ಕೊಳಲಿನವರು ಮಾತ್ರ ಇಲ್ಲ. ಎಷ್ಟು ಜನರನ್ನು ವಿಚಾರಿಸಿದೆನೋ, ಹೆಸರು ಸಿಗಲಿಲ್ಲ.

ನೀವು ಶಿರಸಿಯವರು. ಮಾರಿಕಾಂಬಾ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿಯೇ ಇರುತ್ತೀರಿ. ನಾಯಕಿ ಯಾರು ಅಂತ ಈಗಲೂ ನೆನಪಿರುತ್ತದೆ. ಕೆಳಗೆ ಕೂತು ರಾತ್ರಿಯಿಡೀ ಹಾರ್ಮೋನಿಯಂ ನುಡಿಸಿದವರು ಬರೀ 'ಪೇಟಿ ಮಾಸ್ತರು' ಆಗಿಯೇ ಉಳಿದರು. ಊರಿನ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಹೆಸರು ಸಿಕ್ಕರೆ ಬರೆದು ಕಳಿಸಿ, ಅದಕ್ಕೂ ಜಾಗ ಕೊಡುತ್ತೇನೆ.

– ಸಂ.