14ರ ಹುಡುಗ ಜೆಸ್ಸಿ ಪೊಮರಾಯ್‌ಗೆ ಗಲ್ಲು ತಪ್ಪಿದ್ದು ಹೇಗೆ?

ನಿಮ್ಮ ಪ್ರಶ್ನೆ ಇದು: 1874ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಇಬ್ಬರು ಮಕ್ಕಳನ್ನು ಕೊಂದ 14 ವರ್ಷದ ಹುಡುಗನಿಗೆ ಮರಣದಂಡನೆ ಆಗಿತ್ತು, ಆದರೂ ಅವನನ್ನು ಗಲ್ಲಿಗೆ ಹಾಕಲಿಲ್ಲ ಯಾಕೆ? ಗಲ್ಲಿನ ಆದೇಶಕ್ಕೆ ರಾಜ್ಯದ ಗವರ್ನರ್ ಸಹಿ ಹಾಕಲಿಲ್ಲ, ಅದಕ್ಕೆ. ಆದರೆ ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಗಲ್ಲಿನ ವಿಷಯವಲ್ಲ. ಕೊಲೆ ಮಾಡುವುದಕ್ಕೆ ಮೊದಲೇ ಅವನು ಒಮ್ಮೆ ಸರ್ಕಾರದ ಕೈಗೆ ಸಿಕ್ಕಿದ್ದ.

1871ರ ಕೊನೆಯಿಂದ ಬಾಸ್ಟನ್ ಪಕ್ಕದ ಚೆಲ್ಸಿಯಲ್ಲಿ, ಆಮೇಲೆ ಸೌತ್ ಬಾಸ್ಟನ್‌ನಲ್ಲಿ ಯಾರೋ ಒಬ್ಬ ಚಿಕ್ಕ ಹುಡುಗರನ್ನು ಪುಸಲಾಯಿಸಿ ಜನ ಇಲ್ಲದ ಕಡೆ ಕರೆದುಕೊಂಡು ಹೋಗಿ ಕಟ್ಟಿಹಾಕಿ ಹೊಡೆಯುತ್ತಿದ್ದ. ಬರಬರುತ್ತಾ ಚಾಕುವನ್ನೂ ಹಿಡಿದ. ಒಂದು ಕಣ್ಣು ಬೆಳ್ಳಗಿದೆ ಅಂತ ಮಕ್ಕಳು ಗುರುತು ಹೇಳಿದರು. ಜೆಸ್ಸಿಯ ಬಲಗಣ್ಣಿನ ಮೇಲೆ ಬಿಳಿ ಪೊರೆ ಇತ್ತು. 1872ರ ಸೆಪ್ಟೆಂಬರ್‌ನಲ್ಲಿ ಪೊಲೀಸರು ಏಟು ತಿಂದ ಹುಡುಗನೊಬ್ಬನನ್ನು ಶಾಲೆಗೇ ಕರೆತಂದು ತೋರಿಸಿದರು. ಅವನಿಗೆ ಗುರುತು ಸಿಗಲಿಲ್ಲ. ಆಮೇಲೆ ಜೆಸ್ಸಿ ಮನೆಗೆ ಹೋಗುವ ದಾರಿಯಲ್ಲಿ ತಾನಾಗಿಯೇ ಠಾಣೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ಆ ಹುಡುಗ ಒಳಗೇ ಕೂತಿದ್ದ, ಕಣ್ಣು ನೋಡಿದ ಕೂಡಲೇ ಇವನೇ ಅಂದ.

ಆಗ ಜೆಸ್ಸಿಗೆ ಇನ್ನೂ 12 ವರ್ಷ. ವಯಸ್ಸಿಗೆ ಬರುವವರೆಗೆ ಇರಲಿ ಅಂತ ವೆಸ್ಟ್‌ಬರೋದ ಸುಧಾರಣಾ ಶಾಲೆಗೆ ಕಳಿಸಿದರು. ಅಲ್ಲಿ ಅವನು ತಂಟೆ ತಕರಾರು ಇಲ್ಲದೆ ಇದ್ದ. ಅವನ ತಾಯಿ ರೂತ್ ಮಗನದೇನೂ ತಪ್ಪಿಲ್ಲ ಅಂತ ಅಧಿಕಾರಿಗಳ ಬೆನ್ನು ಬಿಡಲಿಲ್ಲ. 1874ರ ಫೆಬ್ರವರಿಯಲ್ಲಿ, ಅಂದರೆ ಸುಮಾರು 17 ತಿಂಗಳಿಗೇ, ಹೊರಗೆ ಬಿಟ್ಟುಬಿಟ್ಟರು. ಒಳ್ಳೆಯ ನಡತೆ ಅಂದರೆ ಏನು ಹೇಳಿ? ಅವನ ಕೈಗೆ ಸಿಕ್ಕವರೆಲ್ಲ ತನಗಿಂತ ಚಿಕ್ಕ ಮಕ್ಕಳು. ಮೇಲೆ ಕಾವಲು ಇರುವ ಕಡೆ ಅವನು ಸುಮ್ಮನಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ, ಅಲ್ವಾ?

ಮಾರ್ಚ್ 18ರಂದು 10 ವರ್ಷದ ಕೇಟಿ ಕರನ್ ಶಾಲೆಗೆ ನೋಟ್‌ಬುಕ್ ತರುತ್ತೇನೆ ಅಂತ ಹೋದವಳು ವಾಪಸ್ ಬರಲಿಲ್ಲ. ಏಪ್ರಿಲ್ 22ರಂದು ಡಾರ್ಚೆಸ್ಟರ್ ಕೊಲ್ಲಿಯ ಕೆಸರು ನೆಲದಲ್ಲಿ 4 ವರ್ಷದ ಹೊರೇಸ್ ಮಿಲೆನ್‌ನ ಶವ ಸಿಕ್ಕಿತು. ಹಳೆಯದೆಲ್ಲ ಪೊಲೀಸರಿಗೆ ನೆನಪಿತ್ತು, ಜೆಸ್ಸಿಯನ್ನು ಅಂದೇ ರಾತ್ರಿ ಹಿಡಿದರು. ಕೆಸರಿನಲ್ಲಿ ಮೂಡಿದ್ದ ಹೆಜ್ಜೆ ಗುರುತುಗಳಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದರು. ಆ ಅಚ್ಚು ಅವನ ಶೂಗೆ ಸರಿಯಾಗಿ ಕೂತಿತು. ಕೇಟಿ ಸಿಕ್ಕಿದ್ದು ಮಾತ್ರ ಜುಲೈನಲ್ಲಿ, ರೂತ್ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ. ಅಂಗಡಿ ಖಾಲಿಯಾದ ಮೇಲೆ ಕೆಲಸಕ್ಕೆ ಬಂದ ಕೂಲಿಯವರಿಗೆ ಅವಳ ಅವಶೇಷ ಕಂಡಿತು. ನಾಲ್ಕು ತಿಂಗಳು ಅವಳ ಮನೆಯವರು ಹೇಗೆ ಕಳೆದಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಕಿವುಚುತ್ತದೆ.

ಆ ವರ್ಷ ಡಿಸೆಂಬರ್‌ನಲ್ಲಿ ಹೊರೇಸ್‌ನ ಕೊಲೆಯ ವಿಚಾರಣೆ ನಡೆಯಿತು. ಹುಡುಗನ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಅಂತ ಅವನ ವಕೀಲರು ವಾದಿಸಿದರು. ಎರಡೂ ಕಡೆ ವೈದ್ಯರು ಸಾಕ್ಷಿ ಹೇಳಿದರು. ಜ್ಯೂರಿ ಮೊದಲ ದರ್ಜೆಯ ಕೊಲೆ ಅಂತ ತೀರ್ಮಾನಿಸಿತು, ಜೊತೆಗೆ ವಯಸ್ಸು ನೋಡಿ ಕರುಣೆ ತೋರಿಸಿ ಅಂತಲೂ ಕೇಳಿಕೊಂಡಿತು. ಆದರೆ ಆಗಿನ ಕಾನೂನಿನಲ್ಲಿ ಆ ಅಪರಾಧಕ್ಕೆ ಗಲ್ಲು ಬಿಟ್ಟರೆ ಬೇರೆ ಶಿಕ್ಷೆ ಇರಲಿಲ್ಲ. 1875ರ ಫೆಬ್ರವರಿಯಲ್ಲಿ ಮರಣದಂಡನೆ ಆಯಿತು.

ಗವರ್ನರ್ ವಿಲಿಯಂ ಗ್ಯಾಸ್ಟನ್ ಮುಂದೆ ಎರಡೂ ಥರದ ಅರ್ಜಿಗಳು ಬಂದವು, ಗಲ್ಲಿಗೆ ಹಾಕಿ ಅಂತಲೂ ಬೇಡ ಅಂತಲೂ. ಗವರ್ನರ್‌ನ ಕೌನ್ಸಿಲ್, ಅಂದರೆ ಅವರ ಸಲಹಾ ಮಂಡಳಿ, ಗಲ್ಲೇ ಸರಿ ಅಂದಿತು. ಗ್ಯಾಸ್ಟನ್ ಮಾತ್ರ ಸಹಿ ಹಾಕಲೇ ಇಲ್ಲ. ಅವರ ನಂತರ ಬಂದ ಅಲೆಕ್ಸಾಂಡರ್ ರೈಸ್ ಕಾಲದಲ್ಲಿ, 1876ರ ಆಗಸ್ಟ್‌ನಲ್ಲಿ, ಕೌನ್ಸಿಲ್ ಶಿಕ್ಷೆಯನ್ನು ಬದಲಿಸಿತು. ಜೀವಾವಧಿ ಸೆರೆ, ಅದೂ ಒಂಟಿ ಕೋಣೆಯಲ್ಲಿ.

ಸೆಪ್ಟೆಂಬರ್ 7ಕ್ಕೆ ಚಾರ್ಲ್ಸ್‌ಟೌನ್ ಜೈಲಿಗೆ ಹೋದಾಗ ಅವನಿಗೆ 16 ವರ್ಷ. ಒಂಟಿ ಸೆರೆ ಮುಗಿದಿದ್ದು 1917ರಲ್ಲಿ. ಸುಮಾರು 41 ವರ್ಷ! ಅಷ್ಟು ದಿನ ಒಬ್ಬನೇ ಕೂತು ಜರ್ಮನ್ ಕಲಿತ, ಕಾನೂನು ಪುಸ್ತಕ ಓದಿ ಅರ್ಜಿ ಬರೆದ, ತಪ್ಪಿಸಿಕೊಳ್ಳಲು ಗೋಡೆ ಕೊರೆದ, ಗ್ಯಾಸ್ ಪೈಪಿಗೂ ಕೈ ಹಾಕಿದ. ಅವನನ್ನು ಮತ್ತೆ ಹೊರಗೆ ಬಿಡಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಕೇಟಿ, ಹೊರೇಸ್ ಇಬ್ಬರೂ ಬದುಕಬೇಕಿದ್ದ ಮಕ್ಕಳು. ಆದರೆ ಹುಡುಗ ಅಂತ ಗಲ್ಲು ತಪ್ಪಿಸಿ, ಆಮೇಲೆ ಒಂದು ಮನುಷ್ಯನ ಮುಖವೂ ಸರಿಯಾಗಿ ಕಾಣದಂತೆ ನಲವತ್ತು ವರ್ಷ ಕೂಡಿಹಾಕುವುದನ್ನು ಕರುಣೆ ಅನ್ನಲು ನನಗೆ ಬಾಯಿ ಬರುವುದಿಲ್ಲ. 1874ರಲ್ಲಿ ಅಷ್ಟು ಬೇಗ ಕೈಬಿಟ್ಟವರೇ 1876ರಲ್ಲಿ ಈ ತುದಿಗೆ ಹೋದರು.

1917ರಲ್ಲಿ ಉಳಿದ ಕೈದಿಗಳ ಜೊತೆ ಇರು ಅಂದಾಗ ಅವನು ಮೊದಲು ಒಪ್ಪಲಿಲ್ಲ, ಪೂರ್ತಿ ಕ್ಷಮಾದಾನವೇ ಬೇಕು ಅಂತ ಹಟ ಹಿಡಿದ. 1929ರಲ್ಲಿ ಬ್ರಿಡ್ಜ್‌ವಾಟರ್‌ನ ಕೈದಿಗಳ ಆಸ್ಪತ್ರೆಗೆ ಸಾಗಿಸಿದರು. 1932ರ ಸೆಪ್ಟೆಂಬರ್ 29ರಂದು ಅಲ್ಲೇ ತೀರಿಕೊಂಡ.

ಇಂಟರ್ನೆಟ್‌ನಲ್ಲಿ ಅವನು ಹತ್ತಾರು ಕೊಲೆ ಮಾಡಿದ್ದ ಅಂತ ಓದಿದರೆ ನಂಬಬೇಡಿ. ಅವನಿಗೆ ಶಿಕ್ಷೆ ಆಗಿದ್ದು ಹೊರೇಸ್‌ನ ಕೊಲೆಗೆ ಮಾತ್ರ. ಕೇಟಿಯನ್ನೂ ಕೊಂದೆ ಅಂತ ಒಪ್ಪಿಕೊಂಡು ಆಮೇಲೆ ಮಾತು ಬದಲಿಸಿದ. ಆ ಪ್ರಕರಣದ ವಿಚಾರಣೆ ಕೋರ್ಟಿನಲ್ಲಿ ನಡೆಯಲೇ ಇಲ್ಲ.