ನಕ್ಷೆಯಲ್ಲಿನ ಚುಕ್ಕೆಗೆರೆಗಳು

ಅಕ್ಕಪಕ್ಕದ ಎರಡು ಮನೆಗಳ ನಡುವಿನ ಗೋಡೆ ಒಡೆದು ಒಂದಾಗಿಸುವುದು ವಾಸ್ತುಶಿಲ್ಪಿಯ ಕೆಲಸ, ಅಲ್ಲಿ ಆಪ್ತಸಲಹೆಗಾರರಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಆದರೆ ಇಂಥ ಗೋಡೆಯ ವಿಚಾರದಲ್ಲೇ ಮಾತು ಬಿಟ್ಟು ಆಪ್ತಸಲಹೆಗಾರಳಾದ ನನ್ನ ಬಳಿ ಬಂದವರಲ್ಲಿ ಈ ತಾಯಿ-ಮಗಳು ಮೊದಲಿಗರಲ್ಲ. ಹಾಗಾಗಿ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಬ್ಬರ ಒಪ್ಪಿಗೆಯನ್ನೂ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಎರಡನೆಯ ಮಹಾಯುದ್ಧಕ್ಕೆ ಮೊದಲೇ ಎದ್ದು ನಿಂತ ಒಂದು ಬಹುಮಹಡಿ ಕಟ್ಟಡ. ಮಗಳ ಸಂಸಾರ ಅಲ್ಲಿ ಮೊದಲಿನಿಂದಲೂ ಇತ್ತು. ಪಕ್ಕದ ಮನೆ ಮಾರಾಟಕ್ಕೆ ಬಂದಾಗ, ಗಂಡನನ್ನು ಕಳೆದುಕೊಂಡಿದ್ದ ತಾಯಿ ತಮ್ಮ ಉಳಿತಾಯದಿಂದ ಅದನ್ನು ಕೊಂಡರು. ಎರಡು ವರ್ಷ ನೆರೆಹೊರೆಯಾಗಿ ಚೆನ್ನಾಗಿಯೇ ಇದ್ದರು. ಆಮೇಲೆ ಎರಡೂ ಮನೆಗಳನ್ನು ಒಂದಾಗಿಸುವ ಮಾತು ಬಂತು, ಮಗಳು ವಾಸ್ತುಶಿಲ್ಪಿಯಿಂದ ನಕ್ಷೆ ಬರೆಸಿದಳು. ಅವರದು ಸಹಕಾರಿ ಕಟ್ಟಡ. ಅಲ್ಲಿ ಕೊಂಡವರು ಕಟ್ಟಡದ ಸಂಸ್ಥೆಯ ಷೇರುದಾರರಾಗುತ್ತಾರೆಯೇ ಹೊರತು ಗೋಡೆಗಳ ಒಡೆಯರಾಗುವುದಿಲ್ಲ. ಮನೆಗಳನ್ನು ಸೇರಿಸಲು ಆಡಳಿತ ಮಂಡಳಿಯ ಒಪ್ಪಿಗೆ ಬೇಕು, ಕರಾರುಪತ್ರಕ್ಕೆ ಇಬ್ಬರ ಸಹಿಯೂ ಬೇಕು. ತಾಯಿ ಸಹಿ ಹಾಕದೆ ದಿನ ತಳ್ಳುತ್ತಿದ್ದರು. ಕಾರಣ ಕೇಳಿದರೆ ಹೇಳುತ್ತಿರಲಿಲ್ಲ.

ಮೊದಲ ಎರಡು ಭೇಟಿಗಳು ವಿಡಿಯೊ ಕರೆಯಲ್ಲೇ ದೂರುಗಳಲ್ಲಿ ಕಳೆದವು. ಮೂರನೆಯ ಸಲ ನಾನು ನಕ್ಷೆಯನ್ನು ತೋರಿಸಿ ಎಂದೆ. ಮಗಳು ಹಾಳೆಯನ್ನು ಮೇಜಿನ ಮೇಲೆ ಹರಡಿ, ನಡುಗೋಡೆಯ ಮೇಲೆ ಬೆರಳಿಟ್ಟು ಉತ್ಸಾಹದಿಂದಲೇ ವಿವರಿಸಿದಳು: ಕಟ್ಟಡದ ಭಾರವೆಲ್ಲ ಉಕ್ಕಿನ ಕಂಬಗಳ ಮೇಲಿದೆ, ಇದು ಟೊಳ್ಳು ಇಟ್ಟಿಗೆಯ ಗೋಡೆ ಮಾತ್ರ, ಒಳಗೆ ಹಾಯ್ದಿರುವ ಕೊಳವೆಗಳನ್ನು ತಪ್ಪಿಸಿ ಒಡೆಯಬಹುದು, ಅದಕ್ಕೆ ಮೊದಲು ಉಸಿರಿಗೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ನಾರು ಇದೆಯೇ ಎಂಬ ಪರೀಕ್ಷೆಯಾಗಬೇಕು. ತಾಯಿ ಕನ್ನಡಕ ಹಾಕಿಕೊಂಡು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಈ ಚುಕ್ಕೆಗೆರೆ ಅಂದರೆ ತೆಗೆದುಹಾಕುವುದು ಅಲ್ಲವೇ?" ಎಂದು ಕೇಳಿದರು. ಹೌದು ಎಂದಳು ಮಗಳು. ಅವರ ಬೆರಳು ನಡುಗೋಡೆಯನ್ನು ದಾಟಿ ತಮ್ಮ ಒಲೆ, ಸಿಂಕು, ಕಪಾಟು, ಮುಂಬಾಗಿಲು, ಹೀಗೆ ಒಂದೊಂದರ ಮೇಲೂ ನಿಲ್ಲುತ್ತ ಹೋಯಿತು. "ಗೋಡೆ ಹೋದರೆ ನನಗೇನೂ ಬೇಸರವಿಲ್ಲ ಕಣೇ. ಆದರೆ ಅದೊಂದನ್ನು ಬಿಟ್ಟರೆ ಇದರಲ್ಲಿ ಚುಕ್ಕೆಗೆರೆಯಾಗಿರುವುದೆಲ್ಲ ನನ್ನ ಮನೆಯದೇ."

"ಅಮ್ಮಾ, ಅದು ನಾನು ಮಾಡಿದ್ದಲ್ಲ, ಇಲ್ಲಿನ ನಿಯಮ. ಎರಡು ಮನೆ ಒಂದಾದರೆ ಒಂದು ಅಡುಗೆಮನೆ ತೆಗೆಯಲೇಬೇಕು, ಗ್ಯಾಸ್ ಕೊಳವೆ ಮುಚ್ಚಲೇಬೇಕು" ಎಂದಳು ಮಗಳು. ಅದು ನಿಜ. ಆದರೆ ಯಾರ ಅಡುಗೆಮನೆ ಎಂದು ನಿಯಮ ಹೇಳುತ್ತದೆಯೇ ಎಂದು ನಾನು ಕೇಳಿದೆ. ಉತ್ತರ ಬರಲಿಲ್ಲ. ಆ ಮೌನದಲ್ಲಿ ಮಗಳು ನಕ್ಷೆಯನ್ನು ಮತ್ತೊಮ್ಮೆ ನೋಡಿದಳು. ಅದನ್ನು ತಾಯಿಯ ಕಡೆಯಿಂದ ಅವಳು ನೋಡಿದ್ದು ಅದೇ ಮೊದಲು ಎಂದು ನನಗೆ ಈಗಲೂ ಅನಿಸುತ್ತದೆ.

ನಾನು ಕೊಟ್ಟ ಸಲಹೆ ಇಷ್ಟು. ಮೂರು ತಿಂಗಳು ಅರ್ಜಿ ಹಾಕಬೇಡಿ. ಅಷ್ಟು ದಿನ ಗೋಡೆಯನ್ನು ಹಾಗೇ ಬಿಟ್ಟು, ನಕ್ಷೆಯಂತೆ ಬದುಕಿ ನೋಡಿ: ಒಂದು ತಿಂಗಳು ತಾಯಿಯ ಒಲೆ ಹಚ್ಚದೆ, ಇನ್ನೊಂದು ತಿಂಗಳು ಮಗಳ ಒಲೆ ಹಚ್ಚದೆ. ಉಳಿದ ತಿಂಗಳು ಯೋಚನೆಗೆ. ಮನೆ ಒಂದಾದ ಮೇಲೂ ತಾಯಿಯ ಮುಂಬಾಗಿಲು, ಅದರ ಬೀಗದ ಕೈ, ಒಳಗಿನಿಂದ ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಅವರದಾಗಿಯೇ ಉಳಿಯಲಿ. ಷೇರುಗಳು ಯಾರ ಹೆಸರಿನಲ್ಲಿರುತ್ತವೆ, ಮುಂದೆ ಬೇರೆಯಾಗಬೇಕಾಗಿ ಬಂದರೆ ಯಾರ ಹಣ ಹೇಗೆ ಹಿಂದಿರುಗುತ್ತದೆ ಎಂಬುದನ್ನು ಗೋಡೆಗೆ ಸುತ್ತಿಗೆ ತಾಗುವ ಮೊದಲೇ ವಕೀಲರಿಂದ ಬರೆಸಿ.

ಈ ಕೊನೆಯ ಮಾತಿಗೆ ಅಳಿಯನಿಗೆ ಬೇಸರವಾಯಿತು. ಸೇರಲು ಹೊರಟವರಿಗೆ ಬೇರ್ಪಡುವ ಲೆಕ್ಕ ಹೇಳಿಕೊಡುತ್ತೀರಲ್ಲ ಎಂದರು. ಸಹೋದ್ಯೋಗಿಯೊಬ್ಬರು ಕೂಡ ನಾನು ಸಲಹೆಗಾರಳ ಗೆರೆ ದಾಟಿದೆ ಎಂದರು. ನಾನು ಒಪ್ಪುವುದಿಲ್ಲ. ಒಮ್ಮೆ ಸೇರಿಸಿದ ಮನೆಯನ್ನು ಮತ್ತೆ ಎರಡಾಗಿಸಲು ಹೊಸ ನಕ್ಷೆ, ಹೊಸ ಅನುಮತಿ, ಮತ್ತೊಂದು ಅಡುಗೆಮನೆಯ ಖರ್ಚು ಎಲ್ಲವೂ ಬೇಕಾಗುತ್ತದೆ. ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬಳು ಇದ್ದ ಹಣವನ್ನೆಲ್ಲ ಒಂದು ಮನೆಗೆ ಹಾಕಿ, ಆಮೇಲೆ ಅದೇ ಮನೆಯಲ್ಲಿ ಕಾಫಿ ಕಾಯಿಸಿಕೊಳ್ಳಲು ಇನ್ನೊಬ್ಬರ ಒಲೆಯ ಮುಂದೆ ಸರದಿ ಕಾಯುವಂತಾದರೆ, ಅವಳಿಗೆ ಹಿಂದಿರುಗುವ ದಾರಿಯೇ ಇರುವುದಿಲ್ಲ. ಹಿಂದೆ ಇಂಥದ್ದೇ ಒಂದು ಪ್ರಕರಣದಲ್ಲಿ "ಹೊಂದಿಕೊಳ್ಳಿ" ಎಂದು ಹೇಳಿ ಕಳಿಸಿದವಳು ನಾನೇ. ಆ ತಾಯಿ ಕೊನೆಯವರೆಗೂ ತನ್ನ ಮನೆಯಲ್ಲೇ ನೆಂಟಳಂತೆ ಉಳಿದರು. ಆ ತಪ್ಪನ್ನು ಮತ್ತೆ ಮಾಡಲಾರೆ.

ಎರಡು ತಿಂಗಳು ಕಳೆದಿವೆ. ಮಗಳು ವಾಸ್ತುಶಿಲ್ಪಿಯಿಂದ ಇನ್ನೊಂದು ನಕ್ಷೆ ಬರೆಸಿದ್ದಾಳೆ. ಅದರಲ್ಲಿ ಉಳಿಯುವುದು ತಾಯಿಯ ಅಡುಗೆಮನೆ, ನಡುಗೋಡೆಯಲ್ಲಿ ಒಂದೇ ಒಂದು ಬಾಗಿಲಗಲದ ತೆರವು. ತಾಯಿ ಇನ್ನೂ ಸಹಿ ಹಾಕಿಲ್ಲ. ಮೂರನೆಯ ತಿಂಗಳು ಮುಗಿಯಲಿ ಎಂದಿದ್ದಾರೆ, ಮಗಳೂ ಸರಿ ಎಂದಿದ್ದಾಳೆ.