ಇಜುಮೊದ ದೇವರು ಪಡುವಣಕ್ಕೆ ಮುಖ ಮಾಡಿ ಕೂತಿದ್ದಾನೆ

ಜಪಾನಿನ ಮೂಲ ಧರ್ಮವಾದ ಶಿಂಟೋದ ಗುಡಿಗಳೆಲ್ಲ ಒಂದೇ ಥರ ಕಾಣುತ್ತವಂತೆ, ಅಲ್ಲಿನ ಪುರಾಣ ಓದಿಕೊಂಡು ಹೋದರೆ ಏನಾದರೂ ವ್ಯತ್ಯಾಸ ಆಗುತ್ತಾ ಅಂತ ಕೇಳಿದ್ದೀರಿ. ತುಂಬಾ ಆಗುತ್ತೆ. ನಾನು ಓದದೆಯೂ ಹೋಗಿದ್ದೇನೆ, ಓದಿಕೊಂಡೂ ಹೋಗಿದ್ದೇನೆ.

ಓದದೆ ಹೋಗಿದ್ದು ಇಸೆಗೆ. ಸೂರ್ಯದೇವತೆ ಅಮಾತೆರಾಸುವಿನ ನೆಲೆ ಎಂದಷ್ಟೇ ಗೊತ್ತಿತ್ತು. ಇಸುಜು ಹೊಳೆ ದಾಟಿ, ಮುಗಿಲೆತ್ತರದ ಮರಗಳ ನಡುವೆ ನಡೆದು, ಕಲ್ಲಿನ ಮೆಟ್ಟಿಲು ಹತ್ತಿದರೆ ಕಂಡದ್ದು ಮರದ ಬೇಲಿ ಮತ್ತು ಒಂದು ಬಿಳಿ ಪರದೆ. ಗರ್ಭಗುಡಿಯ ಮುಂದೆ ಮಂಗಳಾರತಿಗೆ ಕಾದು ನಿಂತು ಬೆಳೆದವಳು ನಾನು. ದರ್ಶನವೇ ಆಗಲಿಲ್ಲವಲ್ಲ ಎಂದು ಹಿಂದಿರುಗಿದೆ.

ಆಮೇಲೆ, 712ರಲ್ಲಿ ಬರೆದು ಮುಗಿಸಿದ, ಜಪಾನಿನ ಪುರಾಣಗಳಿರುವ 'ಕೊಜಿಕಿ' ಗ್ರಂಥದ ಕಥೆಗಳನ್ನು ಓದಿದೆ. ತಮ್ಮ ಸುಸಾನೊಒನ ಪುಂಡಾಟಕ್ಕೆ ನೊಂದ ಅಮಾತೆರಾಸು ಗುಹೆ ಹೊಕ್ಕು ಬಂಡೆಯ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಲೋಕವೆಲ್ಲ ಕತ್ತಲು. ದೇವತೆಗಳು ಕೋಳಿ ಕೂಗಿಸುತ್ತಾರೆ, ಮರಕ್ಕೆ ಕನ್ನಡಿ ತೂಗುಹಾಕುತ್ತಾರೆ, ಉಜುಮೆ ಎಂಬ ದೇವತೆ ಮೈಮೇಲೆ ಬಂದವಳಂತೆ ಕುಣಿಯುತ್ತಾಳೆ. ಎಲ್ಲರೂ ಘೊಳ್ಳೆಂದು ನಗುತ್ತಾರೆ. ಏನು ಗದ್ದಲ ಎಂದು ಅವಳು ಇಣುಕಿದರೆ ಎದುರಿನ ಕನ್ನಡಿಯಲ್ಲಿ ಅವಳದೇ ರೂಪ. ತಕ್ಷಣ ಕೈ ಹಿಡಿದು ಹೊರಗೆಳೆದು, ಮತ್ತೆ ಒಳಗೆ ಹೋಗದಂತೆ ಹಿಂದೆ ಹಗ್ಗ ಕಟ್ಟಿಬಿಡುತ್ತಾರೆ.

ಇಸೆಯ ಆ ಪರದೆಯಾಚೆ, ಯಾರ ಕಣ್ಣಿಗೂ ಬೀಳದೆ ಇರುವುದು ಅದೇ ಕನ್ನಡಿ ಎಂಬುದು ನಂಬಿಕೆ. ಗುಡಿಗುಡಿಯಲ್ಲೂ ಕಾಣುವ ಹುಲ್ಲಿನ ಹಗ್ಗಕ್ಕೆ, ಅಂದರೆ ಶಿಮೆನಾವಾಕ್ಕೆ, ಮೂಲವಾಗಿ ಹೇಳುವುದು ಗುಹೆಬಾಯಿಯ ಆ ಹಗ್ಗವನ್ನೇ. ಗುಡಿಗಳಲ್ಲಿ ದೇವರ ಮುಂದೆ ಕುಣಿಯುವ ಕಾಗುರಾಕ್ಕೆ ಮೂಲವಾಗಿ ಹೇಳುವುದು ಉಜುಮೆಯ ಕುಣಿತ.

ಮುಂದಿನ ಪ್ರಯಾಣದಲ್ಲಿ ಜಪಾನಿನ ಪಡುವಣದ ಊರಾದ ಇಜುಮೊಗೆ ಹೋದೆ. ಅಲ್ಲಿನ ದೇವರು ಒಕುನಿನುಶಿ. ನಾಡನ್ನು ಅಮಾತೆರಾಸುವಿನ ವಂಶಕ್ಕೆ ಬಿಟ್ಟುಕೊಟ್ಟ ಅವನು ಪ್ರತಿಯಾಗಿ ಕೇಳಿದ್ದು ಮುಗಿಲು ಮುಟ್ಟುವ ಅರಮನೆ. ಈಗಿನ ಗುಡಿಯ ಎತ್ತರ 24 ಮೀಟರ್. ಆದರೆ 2000ದಲ್ಲಿ ಅಂಗಳ ಅಗೆದಾಗ ಮೂರು ಮರಗಳನ್ನು ಒಟ್ಟಿಗೆ ಬಿಗಿದ, ಸುಮಾರು 3 ಮೀಟರ್ ಅಗಲದ, ಹಳೆಯ ಗುಡಿಯ ಕಂಬದ ಬುಡಗಳು ಸಿಕ್ಕವು. ಅವು ಇದ್ದ ಜಾಗವನ್ನು ನೆಲದ ಮೇಲೆ ವೃತ್ತಗಳಾಗಿ ಗುರುತು ಮಾಡಿದ್ದಾರೆ. ಕಥೆ ಗೊತ್ತಿದ್ದ ನನಗೆ ಆ ವೃತ್ತದ ಮೇಲೆ ಕಾಲಿಡಲು ಮನಸ್ಸು ಬರಲಿಲ್ಲ. (ನಮಗೊಂದು ನಂಟೂ ಇದೆ: ಮಹಾಕಾಲನೇ ಬೌದ್ಧರ ಜೊತೆ ಜಪಾನಿಗೆ ಹೋಗಿ ದೈಕೊಕು ಆದ, ಮುಂದೆ ಜನ ಅವನನ್ನೂ ಒಕುನಿನುಶಿಯನ್ನೂ ಒಂದಾಗಿಸಿದರು.)

ಗುಡಿಯ ಬಾಗಿಲು ತೆಂಕಣಕ್ಕಿದ್ದರೂ ಒಳಗೆ ದೇವರು ಕೂತಿರುವುದು ಪಡುವಣಕ್ಕೆ, ಕಡಲಿನ ಕಡೆಗೆ. ಹಾಗಾಗಿ ತಿಳಿದವರು ಮುಂದೆ ಕೈಮುಗಿದ ಮೇಲೆ ಸುತ್ತು ಹಾಕಿ ಪಡುವಣದ ಬೇಲಿಯ ಬಳಿ ಮತ್ತೆ ನಿಲ್ಲುತ್ತಾರೆ. ನೀವೂ ನಿಲ್ಲಿ. ಎರಡು ಸಲ ಬಾಗಿ, ನಾಲ್ಕು ಚಪ್ಪಾಳೆ, ಮತ್ತೊಮ್ಮೆ ಬಾಗುವುದು. ಬೇರೆ ಕಡೆಗಳಲ್ಲಿ ಸಾಮಾನ್ಯವಾಗಿ ಎರಡೇ ಚಪ್ಪಾಳೆ.

ಸಾಧ್ಯವಾದರೆ ಅಲ್ಲಿನ ಹಳೆಯ ಚಾಂದ್ರಮಾನದ ಹತ್ತನೇ ತಿಂಗಳಲ್ಲಿ ಹೋಗಿ. ಹೆಚ್ಚಾಗಿ ಅದು ನವೆಂಬರಿನಲ್ಲಿ ಬರುತ್ತದೆ. ನಾಡಿನ ದೇವರೆಲ್ಲ ಆಗ ಇಜುಮೊದಲ್ಲಿ ಸೇರುತ್ತಾರೆ. ಇನಾಸಾ ಕಡಲತೀರದಲ್ಲಿ ಇರುಳು ಬೆಂಕಿ ಹಚ್ಚಿ ಅವರನ್ನು ಎದುರುಗೊಳ್ಳುತ್ತಾರೆ. ಗುಡಿಯ ಎಡಬಲಕ್ಕೆ ಉದ್ದನೆಯ ಎರಡು ಮರದ ಕಟ್ಟಡಗಳಿವೆ, ಸಾಲು ಬಾಗಿಲುಗಳಿರುವಂಥವು. ಅದು ಉಗ್ರಾಣವಲ್ಲ, ಬಂದ ದೇವರುಗಳು ತಂಗುವ ಛತ್ರ.